ಬ್ರೇಕಿನ ಮೇಲಿನ ಕಾಲು

ಬನ್ನಿ, ಹತ್ತಿರ ಸರಿದು ಕೂತ್ಕೊಳ್ಳಿ. ಬಾಗಿಲ ಕಡೆ ಬೆನ್ನು ಮಾಡ್ಬೇಡಿ. ನಡುವೆ ಯಾರೂ ಕೆಮ್ಮಬಾರದು, ಈ ಕತೇಲಿ ಸದ್ದೇ ಮುಖ್ಯ.

ನಮ್ಮ ಹಿಂದಿನ ಬೀದಿಯಲ್ಲಿ ಅಣ್ಣ ತಮ್ಮ ಸೇರಿ ಗ್ಯಾರೇಜು ನಡೆಸ್ತಿದ್ರು. ಅಣ್ಣನ ಕಿವಿ ಅಂದ್ರೆ ಕಿವಿ. ರಬ್ಬರ್ ಕೊಳವೆಯ ಒಂದು ತುದಿ ಕಿವಿಗಿಟ್ಟು, ಇನ್ನೊಂದನ್ನ ಎಂಜಿನ್ ಮೇಲೆ ಆಡಿಸ್ತಾ, ಎಲ್ಲಿ ಗಾಳಿ ಸೋರ್ತಿದೆ ಅಂತ ಹಿಡಿದುಬಿಡ್ತಿದ್ದ. ತಮ್ಮನಿಗೆ ಆ ತಾಳ್ಮೆ ಎಲ್ಲಿಂದ ಬರಬೇಕು? ಎಂಜಿನ್ ನಿಂತುನಿಂತು ಹೋಗ್ತಿದ್ರೆ ಆಕ್ಸಿಲರೇಟರ್ ಕೇಬಲ್ ಬಿಗಿ ಮಾಡಿ, ಸದ್ದು ಏರಿಸಿ, ಕೈ ತೊಳ್ಕೊಳ್ಳೋನು.

ಅವರದ್ದೇ ಒಂದು ಹಳೇ ಕಾರಿತ್ತು, ಕ್ಲಚ್ ಇಲ್ಲದ್ದು, ಗೇರ್ ಹಾಕಿ ಬ್ರೇಕಿಂದ ಕಾಲು ತೆಗೆದ್ರೆ ತಾನಾಗೇ ಮುಂದೆ ಹೋಗೋದು. ಗೋಡೆಗೆ ಮುಖ ಮಾಡಿ ನಿಂತಿತ್ತು. ಒಂದಿನ ಅಣ್ಣ ಬಾನೆಟ್ ಎತ್ತಿ, ಮುಂದೆ ನಿಂತು ಕೊಳವೆ ಹಿಡಿದಿದ್ದಾನೆ, ಕಾರು ಜಿಗಿದು ಅವನನ್ನ ಗೋಡೆಗೆ ಒತ್ತಿಬಿಡ್ತು. ತಮ್ಮ ಎಲ್ಲರಿಗೂ ಹೇಳಿದ್ದಿಷ್ಟು: "ನಾನು ಹೊರಗಿದ್ದೆ. ಅತ್ತಿಗೆ ಊಟಕ್ಕೆ ಕೂಗಿದ್ರು. ಆ ಗಡಿಬಿಡೀಲಿ ಅಣ್ಣನೇ ಹ್ಯಾಂಡ್‌ಬ್ರೇಕ್ ಅರ್ಧ ಎಳೆದು ಗೇರಲ್ಲಿ ಬಿಟ್ಟು ಇಳಿದ."

ಅಲ್ಲಿಗೆ ಅತ್ತಿಗೆ ಗಂಡನ್ನ ತಿಂದ್ಕೊಂಡೋಳಾದ್ಲು. ಅತ್ತೆ ಅವಳ ಕೈಯಿಂದ ಒಂದು ಲೋಟ ನೀರೂ ಮುಟ್ಟಲಿಲ್ಲ. ಅವಳ ಪೆಟ್ಟಿಗೆ ಗ್ಯಾರೇಜಿನ ಹಿಂದಿನ ಕೋಣೆಗೆ ಬಂತು.

ಆ ಕಾರು ಕಣ್ಮುಂದೆ ಇರಬಾರದು ಅಂತ ತಮ್ಮ ಅದನ್ನ ನಮ್ಮ ಬೀದಿ ದರ್ಜಿಗೆ ಮಾರೋಕೆ ಹೊರಟ. ಬೆಳಗ್ಗೆ ದರ್ಜಿ ಬರ್ತಾನೆ, ಹಿಂದಿನ ರಾತ್ರಿ ನೋಡಿದ್ರೆ ಎಂಜಿನ್ ಸದ್ದು ಇಳೀತಾನೇ ಇಲ್ಲ. ನಿಂತಲ್ಲೇ ಕಿರುಚುತ್ತೆ. ಕೇಬಲ್ ನೋಡಿದ, ಸಡಿಲವಾಗೇ ಇತ್ತು, ಅಣ್ಣ ಸತ್ತ ದಿನ ತಾನೇ ಸಡಿಲ ಮಾಡಿದ್ದ. ಗಾಳಿ ಪೈಪುಗಳನ್ನ ಒಂದೊಂದಾಗಿ ಇಕ್ಕಳದಲ್ಲಿ ಹಿಸುಕಿದ. ಸೋರ್ತಿದ್ರೆ ಸದ್ದು ಇಳೀಬೇಕು, ಇಳೀಲಿಲ್ಲ. ಗಾಳಿ ಒಳಗೆ ಬಿಡೋ ಥ್ರಾಟಲ್ ಬಿಚ್ಚಿ ಮಸಿ ಉಜ್ಜಿದ. ನಿಂತಾಗ ಎಂಜಿನ್ ಸದ್ದು ಹಿಡಿತದಲ್ಲಿಡೋ ಐಡ್ಲಿಂಗ್ ವಾಲ್ವ್ ಬದಲಿಸಿದ. ಎಂಜಿನ್ ಇನ್ನೂ ತಣ್ಣಗಿದೆ ಅಂತ ಬಿಸಿ ಅಳೆಯೋ ಸೆನ್ಸರ್ ಸುಳ್ಳು ಹೇಳ್ತಿದೆಯೇನೋ ಅಂತ ಅದನ್ನೂ ಬದಲಿಸಿದ. ಸುಳ್ಳು ಹೇಳಿದೋರು ಬೇರೆ, ಅದಿರಲಿ.

ಸಾಕಾಗಿ ಕೀಲಿ ತೆಗೆದು ಜೇಬಿಗೆ ಹಾಕ್ಕೊಂಡ. ಬಾಗಿಲೆಳೆದು ಮನೆ ಕಡೆ ಹೊರಟ. ಪಾಳು ಬಾವಿ ದಾಟಿದ್ದಾನೆ ಅಷ್ಟೇ... ಹಿಂದಿನಿಂದ... ಝೂಂ...

ಜೇಬು ಮುಟ್ಟಿ ನೋಡಿದ. ಕೀಲಿ ಇತ್ತು.

ವಾಪಸ್ ಬಂದ. ಬಾಗಿಲ ಸಂದಿಯಲ್ಲಿ ಕೆಂಪು ಬೆಳಕು. ಕಾರಿನ ಬ್ರೇಕ್ ದೀಪ ಉರೀತಿತ್ತು. "ಯಾವುದೋ ವೈರ್ ಕೂಡ್ಕೊಂಡಿದೆ," ಅಂತ ಗೊಣಗ್ತಾ ಗೋಡೆಗೂ ಕಾರಿಗೂ ನಡುವೆ ನುಸುಳಿದ, ಬ್ಯಾಟರಿ ವೈರ್ ಕೀಳೋಣ ಅಂತ. ಮೊಳೆಗೆ ತೂಗುಹಾಕಿದ್ದ ಅಣ್ಣನ ಕೊಳವೆ ಎಂಜಿನ್ ಮೇಲೆ ಬಿದ್ದಿತ್ತು. ಅದರೊಳಗಿಂದ ಸಣ್ಣಗೆ... ಸ್... ಗಾಳಿ ಸೋರೋ ಜಾಗ ಸಿಕ್ತು ಅಂದ್ಕೊಂಡು ತಮ್ಮ ಅದನ್ನ ಕಿವಿಗಿಟ್ಟ.

ಸ್... ಸ್... ಆಮೇಲೆ, ಉಸಿರು.

"ಕಾಲು ತೆಗೀಲಾ?"

ಬಾನೆಟ್ ಎತ್ತಿತ್ತು, ಆಚೆ ಏನೂ ಕಾಣಲ್ಲ. ಟಕ್... ಗೇರ್ ಬಿತ್ತು. ಬಂಪರ್ ಬಂದು ಮೊಣಕಾಲು ಮುಟ್ಟಿ ನಿಲ್ತು.

"ತೆಗೀಲಾ... ನೀನು ತೆಗೆದ ಹಾಗೆ?"

"ಬೇಡ ಅಣ್ಣ... ಸೀಟಲ್ಲಿ ನಾನೇ ಇದ್ದೆ. ಸದ್ದು ಕೇಳ್ಬೇಕು, ಗೇರ್ ಹಾಕಿ ಬ್ರೇಕ್ ಹಿಡಿ ಅಂದೆ ನೀನು. ಕೇಬಲ್ ಬಿಗಿ ಮಾಡಿದ್ದು ನಿಂಗೆ ಹೇಳಿರ್ಲಿಲ್ಲ. ಸಿಗರೇಟು ಹಚ್ಚೋಕೆ ಬಗ್ಗಿದೆ, ಕಾಲು ಜಾರ್ತು. ಅತ್ತಿಗೆ ಕೂಗಿದ್ದು ಆಮೇಲೆ."

"ಆಮೇಲೆ," ಅಂತು ಬಾಗಿಲ ಕಡೆಯಿಂದ ಇನ್ನೊಂದು ದನಿ. ಅತ್ತಿಗೆ. ಸದ್ದು ಕೇಳಿ ಟಾರ್ಚ್ ಹಿಡಿದು ಬಂದು ನಿಂತಿದ್ಲು. ಕಾರಿನೊಳಗೆ ಟಾರ್ಚ್ ಬೆಳಕು ಬಿಟ್ಟು ನೋಡಿದ್ಲು. ಸೀಟು ಖಾಲಿ. ಬ್ರೇಕ್ ಪೆಡಲ್ ಮಾತ್ರ ತಳಕ್ಕೆ ಒತ್ಕೊಂಡಿತ್ತು.

"ಅತ್ತಿಗೆ... ಗೇರ್ ತೆಗೀರಿ."

"ಇರು. ಸರಿಯಾಗಿ ಕೇಳಿಸ್ಲಿಲ್ಲ. ಮೊದಲಿಂದ ಹೇಳು."

ಹೇಳ್ದ.

"ಸಿಗರೇಟಿನ ವಿಷಯ ಇನ್ನೊಂದ್ಸಲ."

ಮತ್ತೆ ಹೇಳ್ದ. ಬಂಪರ್ ಇನ್ನೊಂದು ಕೂದಲೆಳೆ ಮುಂದೆ ಬಂತು. ಅವಳೇನೂ ಅವಸರ ಮಾಡ್ಲಿಲ್ಲ. ಅವನ ಗಂಟಲು ಪೂರ್ತಿ ಒಣಗೋ ತನಕ ಕೇಳಿಸ್ಕೊಂಡ್ಲು. ಆಮೇಲೆ ಖಾಲಿ ಸೀಟಿನ ಕಡೆ ಬಗ್ಗಿ ಪಿಸುಗುಟ್ಟಿದ್ಲು.

"ರೀ... ಕಾಲು ತೆಗೀಬೇಡಿ. ಇವನು ಸತ್ರೆ ಅತ್ತೆ ಮುಂದೆ ಹೇಳೋರ್ಯಾರು?"

ಸದ್ದು ಇಳೀತು... ಇಳೀತು... ಬೆಕ್ಕು ಗುರುಗುಟ್ಟೋ ಅಷ್ಟಕ್ಕೆ ಬಂತು. ಟಕ್. ಗೇರ್ ತಾನಾಗಿ ನ್ಯೂಟ್ರಲ್‌ಗೆ ಬಂತು. ಎಂಜಿನ್ ನಿಂತಿತು.

ಬೆಳಗ್ಗೆ ತಾಯಿ ಮುಂದೆ, ನೆಂಟರ ಮುಂದೆ ತಮ್ಮ ಎಲ್ಲಾ ಹೇಳ್ದ. ಈಗೆಲ್ಲೋ ದೂರದಲ್ಲಿ ಬೀಗ ರಿಪೇರಿ ಮಾಡ್ತಾನಂತೆ. ಕೊಳವೆ ಇಟ್ಟ ಕಿವೀಲಿ ಅವನಿಗೆ ಸ್... ಅನ್ನೋದು ಬಿಟ್ಟು ಬೇರೇನೂ ಕೇಳ್ಸಲ್ಲ. ನಿಂತ ಕಾರಿನ ಮುಂದೆ ಹಾಯೋದಿಲ್ಲ, ಸುತ್ತು ಹಾಕ್ಕೊಂಡು ಹೋಗ್ತಾನೆ. ಅತ್ತೆ ಸೊಸೇನ ಕರೆಯೋಕೆ ಗ್ಯಾರೇಜಿಗೆ ಬಂದ್ಲು. ಸೊಸೆ ಒಂದು ಲೋಟ ನೀರು ಮುಂದಿಟ್ಲು. ಅತ್ತೆ ಅದನ್ನ ಕುಡಿದು ಒಬ್ಬಳೇ ವಾಪಸ್ ಹೋದ್ಲು. ಗ್ಯಾರೇಜು ಈಗ ಅತ್ತಿಗೇದೇ. ಕೊಳವೆ ಅದೇ ಮೊಳೇಲಿದೆ.

ಕಾರು ದರ್ಜಿ ತಗೊಂಡ. ಮೆತ್ತಗೆ ಓಡುತ್ತೆ, ಒಂದು ತೊಂದರೆ ಇಲ್ಲ. ಬ್ಯಾಟರಿ ಮಾತ್ರ ಆಗಾಗ ಖಾಲಿಯಾಗುತ್ತೆ ಅಂತಾನೆ ಪಾಪ. ಯಾಕೆ ಅಂತ ಅವನಿಗೆ ನಾನು ಹೇಳಿಲ್ಲ. ನಂಬೋದು ಬಿಡೋದು ನಿಮ್ಮಿಷ್ಟ, ನಾನು ಕಣ್ಣಾರೆ ನೋಡಿದೋಳು. ಒಂದು ರಾತ್ರಿ ದರ್ಜಿ ಮನೆ ಮುಂದೆ ಕಾರು ಬೀಗ ಹಾಕಿ ನಿಂತಿತ್ತು. ಹಿಂದಿನ ಕೆಂಪು ದೀಪ ಎರಡೂ ಉರೀತಿದ್ವು. ಗಾಜಿಗೆ ಕೈ ಅಡ್ಡ ಹಿಡಿದು ಒಳಗೆ ಇಣುಕಿದೆ... ಬ್ರೇಕ್ ಪೆಡಲ್ ತಳಕ್ಕೆ ಒತ್ಕೊಂಡಿತ್ತು.