ಕಂಬದಡಿಯ ದನಿ

ಹೊಸ ಸಂಗೀತದ ಉತ್ಸವ ನಡೆಯುತ್ತಿದ್ದ ಆ ಸಾಲುಗಂಬಗಳ ಪುರಾತನ ನೆಲಮಾಳಿಗೆಗೆ ಪಿಸುಮಾತು ಮುಚ್ಚಿಡಲು ಬರುವುದಿಲ್ಲ. ಬಾಗಿಲಲ್ಲಿ ಟಿಕೆಟ್ ಹರಿಯುವವಳ ಕಿವಿಗೆ ಗಾಯಕಿಯ ಮಾತೂ ಸಂಗೀತ ಸಂಯೋಜಕನ ಮಾತೂ ಬೇಡವೆಂದರೂ ಬಿದ್ದವು.

“ತಿಂಗಳಿಡೀ ಒಂದೊಂದು ಕಂಬದ ಹತ್ರಾನೂ ನಿಲ್ಲಿಸಿ ನನ್ನ ಕೈಲಿ ಹಾಡಿಸಿದ್ಯಲ್ಲ, ಯಾಕೆ?”

“ದನಿ ಎಲ್ಲಿ ಚೆನ್ನಾಗಿ ಗುಂಯ್ ಅನ್ನುತ್ತೆ ಅಂತ ನೋಡ್ಬೇಕಿತ್ತು.”

“ಅಂದ್ರೆ ನಾನು ಬರೀ ಅಳತೆ ಟೇಪು. ಇವತ್ತು ಹಾಡೋದ್ಯಾರು?”

“ನಿನ್ನ ತಂಗಿ. ಅವಳೇ ಹೇಳಿರ್ತಾಳೆ ಅಂದ್ಕೊಂಡೆ.”

“ಬೆಳಿಗ್ಗೆ ನನ್ನ ರೇಷ್ಮೆ ಶಾಲು ಕೇಳಿದ್ಲು, ಗೆಳತಿ ಮದುವೆಗೆ ಅಂತ. ನಾನೇ ಇಸ್ತ್ರಿ ಮಾಡಿ ಕೊಟ್ಟೆ. ಇಬ್ರೂ ಸೇರಿ ನಂಬಿಸಿ ಕತ್ತು ಕೊಯ್ದ್ರಿ.”

ಅಷ್ಟರಲ್ಲಿ ಒಳಗಿನಿಂದ ಎಳೆಯ ದನಿಯೊಂದು ಎದ್ದಿತು. ಗಾಯಕಿ ಕಣ್ಣು ಮುಚ್ಚಿ ಕೇಳಿದಳು.

“ತಪ್ಪು ಕಂಬದ ಹತ್ರ ನಿಂತಿದಾಳೆ. ಒಂದು ಕಂಬ ಹಿಂದಕ್ಕೆ ಬರೋಕೆ ಹೇಳು,” ಎಂದವಳೇ ಮೆಟ್ಟಿಲು ಹತ್ತಿ ಹೊರಟುಹೋದಳು.