ಸರಿಯದೆ ನಿಂತ ಗೆರೆ

ನನ್ನ ಹೆಸರು ನೆವೆಂಕಾ ಶೆಪಾರೊವಿಚ್. ವಯಸ್ಸು 61 ವರ್ಷ. ಮೀನಿನ ಡಬ್ಬಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾಗಿದ್ದೇನೆ. ವಾಸ: ಮನೆ ನಂ. 17, ಝಾಗ್ಲಾವ್ ಗ್ರಾಮ, ಕೊರ್ಚುಲಾ ದ್ವೀಪ. ವೇಲಾ ಲೂಕಾ ಪೊಲೀಸ್ ಠಾಣೆಯಿಂದ ಕರೆ ಬರುವ ಮೊದಲೇ ಬೆಳಗಿನ ಬಸ್ಸು ಹಿಡಿದು ಬಂದು ಈ ಮೂಲಕ ತಿಳಿಸುವುದೇನೆಂದರೆ:

ಸ್ಪ್ಲಿತ್ ನಗರದಲ್ಲಿರುವ ಶ್ರೀ ಲೋವ್ರೆ ಬರ್ಚೋತ್ ಅವರು, ನಮ್ಮೂರಿನ ತಮ್ಮ ಕೊನೊಬಾದ ಬೀಗ ಮತ್ತು ಬಾಗಿಲನ್ನು ದಿನಾಂಕ 14-11-2023ರಂದು ಯಾರೋ ಒಡೆದಿದ್ದಾರೆಂದು ದೂರು ಕೊಟ್ಟಿದ್ದಾರೆ. ಕೊನೊಬಾ ಎಂದರೆ ದ್ರಾಕ್ಷಾರಸದ ಪೀಪಾಯಿ, ಬಲೆ, ಹಗ್ಗ ಇಡುವ ಕಲ್ಲಿನ ನೆಲಮಾಳಿಗೆ. ‘ಯಾರೋ’ ಎಂದು ಬರೆಸುವ ಅಗತ್ಯವಿರಲಿಲ್ಲ. ಒಡೆದವಳು ನಾನು. ಹಾಡಹಗಲೇ ಒಡೆದೆ, ಸಾಕ್ಷಿ ಇಟ್ಟುಕೊಂಡೇ ಒಡೆದೆ.

ಕಳೆದ ಆಗಸ್ಟ್‌ನಿಂದ ನನಗೆ ರೇಡಿಯೊ ಕೇಳುವ ಹುಚ್ಚು ಹತ್ತಿದೆ. ಹಾಡು ಕೇಳುವ ರೇಡಿಯೊ ಅಲ್ಲ. ಹೆಬ್ಬೆರಳಿನಷ್ಟು ದಪ್ಪದ ಒಂದು ತುಂಡು. ಅದನ್ನು ಫೋನಿಗೋ ಕಂಪ್ಯೂಟರಿಗೋ ಸಿಕ್ಕಿಸಿ ಆಂಟೆನಾ ಜೋಡಿಸಿದರೆ ಮಿಕ್ಕ ಕೆಲಸವನ್ನೆಲ್ಲ ಸಾಫ್ಟ್‌ವೇರ್ ಮಾಡುತ್ತದೆ. ಗಾಳಿಯಲ್ಲಿರುವ ಸಂಕೇತಗಳು ಪರದೆಯ ಮೇಲೆ ಬಣ್ಣದ ಗೆರೆಗಳಾಗಿ ಮೇಲಿಂದ ಕೆಳಕ್ಕೆ ಇಳಿಯುತ್ತವೆ. ಗೆರೆಯ ಮೇಲೆ ಬೆರಳಿಟ್ಟರೆ ಅದರ ದನಿ ಕೇಳಿಸುತ್ತದೆ. ಹಡಗಿನವರು, ವಿಮಾನದವರು, ಬಂದರಿನವರು ಮಾತಾಡುವುದನ್ನು ನಾನು ಕೇಳುತ್ತೇನೆ ಅಷ್ಟೆ. ಏನನ್ನೂ ಕಳಿಸುವುದಿಲ್ಲ, ಆ ತುಂಡಿಗೆ ಕಳಿಸಲು ಬರುವುದೂ ಇಲ್ಲ.

ಇದನ್ನು ನನಗೆ ಕಲಿಸಿದವರು ಬರ್ತುಲ್ ಪದೋವಾನ್, ವಯಸ್ಸು 74, ಕರಾವಳಿ ರೇಡಿಯೊ ಕೇಂದ್ರದಲ್ಲಿ ನಲವತ್ತು ವರ್ಷ ಕಿವಿಗೊಟ್ಟು ಕೂತಿದ್ದವರು. ಊರಿನ ಎಲ್ಲ ಹಿರಿಯ ಗಂಡಸರಂತೆ ಅವರನ್ನೂ ನಾವು ಬಾರ್ಬಾ ಎಂದೇ ಕರೆಯುತ್ತೇವೆ. ಮೊದಲ ಎರಡು ವಾರ ನನಗೆ ಸುಯ್ ಎಂಬ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಬಾರ್ಬಾ ಹೇಳಿದಂತೆ ಮನೆಯ ಬಲ್ಬುಗಳನ್ನು ಒಂದೊಂದಾಗಿ ಆರಿಸುತ್ತಾ ಬಂದಾಗ, ಅರ್ಧ ಸದ್ದು ಅಡುಗೆಮನೆಯ ಅಗ್ಗದ ಬಲ್ಬಿನದೆಂದು ಗೊತ್ತಾಯಿತು. ಬಲ್ಬು ಬದಲಾಯಿಸಿದೆ. ಬಟ್ಟೆ ಒಣಹಾಕುವ ಕಂಬಕ್ಕೆ ಆಂಟೆನಾ ಕಟ್ಟಿದೆ.

ದಿನಾಂಕ 09-10-2023ರಂದು ನಾನು ಬಂದರು ಕಚೇರಿಗೆ ಫೋನ್ ಮಾಡಿ, ಯಾರೋ ಎಲ್ಲ ಅಲೆಗಳಲ್ಲೂ ಒಂದೇ ಸಂಕೇತ ಬಿಡುತ್ತಿದ್ದಾರೆ, ರೇಡಿಯೊದಲ್ಲಿ ನಾನು ಯಾವ ಅಲೆಗೆ ಸರಿದರೂ ಪರದೆಯ ನಟ್ಟನಡುವೆ ಒಂದು ಗೆರೆ ನನ್ನ ಹಿಂದೆಯೇ ಬರುತ್ತದೆ ಎಂದು ತಿಳಿಸಿದೆ. ಗಸ್ತು ದೋಣಿಯಲ್ಲಿ ಇಬ್ಬರು ಅಧಿಕಾರಿಗಳು ಬಂದರು. ಬಾರ್ಬಾ ಪರದೆ ನೋಡಿ, “ಅಯ್ಯೋ ನೆವೆಂಕಾ, ಇದು ನಿನ್ನ ಯಂತ್ರದ ಹೊಟ್ಟೆಯೊಳಗಿನ ಗೆರೆ ಕಣಮ್ಮ. ಹೊಸಬರೆಲ್ಲ ಇದಕ್ಕೆ ಹೆದರ್ತಾರೆ. ಒಂದು ಮಾತು ನೆನಪಿಟ್ಕೋ: ನೀನು ಸರಿದಾಗ ಜೊತೆಗೇ ಸರಿಯೋದು ನಿನ್ನದು. ಇದ್ದಲ್ಲೇ ನಿಲ್ಲೋದು ಹೊರಗಿಂದು” ಎಂದರು. ಅಧಿಕಾರಿಗಳು ನಗದೆ ಹೋದರು, ಅದು ಅವರ ದೊಡ್ಡತನ. ಊರಿನವರು ದೊಡ್ಡತನ ತೋರಿಸಲಿಲ್ಲ. ಬ್ರೆಡ್ ಅಂಗಡಿಯಲ್ಲಿ ಒಂದು ತಿಂಗಳು “ಏನು ಬೇಹುಗಾರಮ್ಮ, ಇವತ್ತು ಯಾರು ಸಿಕ್ಕಿಬಿದ್ರು?” ಎಂಬುದೇ ಮಾತಾಯಿತು.

ಎಲ್ಲರಿಗಿಂತ ಹೆಚ್ಚು ಆಡಿಕೊಂಡವನು ನನ್ನ ಒಡಹುಟ್ಟಿದ ಅಣ್ಣ ಪ್ರೋಶ್ಪೆರ್ ಝುವೆಲಾ, ವಯಸ್ಸು 66, ಮೀನುಗಾರ, ಒಂಟಿ. ನಾನೂ ಬಿಟ್ಟವಳಲ್ಲ. ಇಪ್ಪತ್ತು ವರ್ಷದ ಹಿಂದೆ ಒಬ್ಬ ಇಟಾಲಿಯನ್ ದೋಣಿಯವನು ಕೊಟ್ಟ ಹಳದಿ ಪೆಟ್ಟಿಗೆಯೊಂದು ಅವನ ತೇಲುವ ಅಂಗಿಗೆ ಕಟ್ಟಿರುತ್ತದೆ. ಆಪತ್ತಿನಲ್ಲಿ ಪಿನ್ ಎಳೆದರೆ ಅದು 121.5 ಮೆಗಾಹರ್ಟ್ಸ್‌ನಲ್ಲಿ ಕೂಗಿಕೊಳ್ಳುತ್ತದೆ. ಹಿಂದೆ ಅದನ್ನು ಉಪಗ್ರಹಗಳು ಕೇಳುತ್ತಿದ್ದವು, ಈಗ ಕೇಳುವುದಿಲ್ಲ. ಇದು ಗೊತ್ತಾದ ಮೇಲೆ ನಾನು ಅವನಿಗೆ, “ಸತ್ತ ಪೆಟ್ಟಿಗೆ ಕಟ್ಕೊಂಡು ಓಡಾಡ್ತೀಯಲ್ಲ, ಅದರ ಕೂಗು ಕೇಳೋರು ಯಾರಣ್ಣ?” ಎಂದು ಸಿಕ್ಕಾಗಲೆಲ್ಲ ಹೇಳಿದ್ದೇನೆ. ಬ್ಯಾಟರಿಯ ಅವಧಿ 2009ಕ್ಕೇ ಮುಗಿದಿತ್ತು.

ದಿನಾಂಕ 14-11-2023, ಮಂಗಳವಾರ, ಬೆಳಿಗ್ಗೆ 7.40ಕ್ಕೆ ನಾನು ಬ್ರೆಡ್ ತರಲು ಹೊರಟೆ. ಫೋನಿಗೆ ರೇಡಿಯೊ ತುಂಡು ಸಿಕ್ಕಿಸಿತ್ತು, ಎರಡೂ ಕಿವಿಯಲ್ಲಿ ಇಯರ್‌ಫೋನ್ ಇತ್ತು. ಇಟಲಿಯ ಬಾರಿ ಬಂದರಿನಿಂದ ಬರುತ್ತಿದ್ದ ಹಡಗಿನವನೊಬ್ಬ ದಾರಿಗೆ ಅಡ್ಡ ಬಂದ ಮೀನಿನ ದೋಣಿಯವನ ವಂಶವನ್ನೆಲ್ಲ ಹೆಸರು ಹಿಡಿದು ಜರಿಯುತ್ತಿದ್ದ. ನಾನು ಬೀದಿಯಲ್ಲೇ ಜೋರಾಗಿ ನಕ್ಕೆ. ದಕ್ಷಿಣದಿಂದ ಯೂಗೊ ಗಾಳಿ ಏಳುವ ಸೂಚನೆ ಇತ್ತು. ಯೂಗೊ ಬರುವ ದಿನ ತೆರೆದ ಬಾಗಿಲು ಕಂಡರೆ, ಅದು ಯಾರದೇ ಇರಲಿ, ಮುಚ್ಚಿ ಭದ್ರ ಮಾಡಿ ಹೋಗುವುದು ನಮ್ಮೂರ ಪದ್ಧತಿ. ಹಿಂದಿನ ಓಣಿಯಲ್ಲಿ ಬರ್ಚೋತ್ ಅವರ ಕೊನೊಬಾದ ಬಾಗಿಲು ಅರ್ಧ ತೆರೆದಿತ್ತು. ಕೊಂಡಿಗೆ ಬೀಗ ತೂಗುತ್ತಿತ್ತು. ಅದು ಒತ್ತಿದರೆ ಕೀಲಿಯಿಲ್ಲದೆಯೇ ಬೀಳುವ ಬೀಗ. ನಾನು ಬಾಗಿಲು ಎಳೆದು, ಬೀಗ ಒತ್ತಿ ಮುಂದೆ ಹೋದೆ. ಒಳಗೆ ನೋಡಲಿಲ್ಲ. ಆಗಲೂ ನಗುತ್ತಲೇ ಇದ್ದೆ.

ಬೆಳಿಗ್ಗೆ 10.20ಕ್ಕೆ, ಅಣ್ಣನ ದೋಣಿ ಭೂಶಿರದಿಂದ ಸುಮಾರು ಒಂದು ಕಿಲೋಮೀಟರ್ ಆಚೆ ಖಾಲಿ ತೇಲುತ್ತಿರುವುದಾಗಿ ಬೇರೆ ಮೀನುಗಾರರು ತಿಳಿಸಿದರು. ಅವನ ಫೋನ್ ಮತ್ತು ಕಾಫಿಯ ಫ್ಲಾಸ್ಕ್ ದೋಣಿಯಲ್ಲೇ ಇದ್ದವು. ಫ್ಲಾಸ್ಕ್ ಇನ್ನೂ ಬಿಸಿ ಇತ್ತಂತೆ. ಅದನ್ನು ಏಕೆ ಹೇಳಿದರೋ, ಹೇಳದಿದ್ದರೆ ಚೆನ್ನಾಗಿತ್ತು. ಊರಿನ ಹನ್ನೊಂದು ದೋಣಿಗಳು ಹುಡುಕಲು ಹೊರಟವು. ಗಸ್ತು ದೋಣಿಯೂ ಬಂತು. ಹೆಂಗಸರೆಲ್ಲ ದಡದಲ್ಲಿ ನಿಂತು ಸಮುದ್ರ ನೋಡುತ್ತಿದ್ದರು. ಯಾರೋ ನನ್ನ ಹೆಗಲಿಗೆ ಕಂಬಳಿ ಹೊದಿಸಿದರು. ಬದುಕಿರುವವನ ತಂಗಿಗೆ ಯಾರೂ ಕಂಬಳಿ ಹೊದಿಸುವುದಿಲ್ಲ. ನಾನು ಅದನ್ನು ತೆಗೆದುಕೊಟ್ಟು ಮನೆಗೆ ಬಂದೆ.

11.00ಕ್ಕೆ ಕಂಪ್ಯೂಟರಿನ ಮುಂದೆ ಕೂತು, ಹುಡುಕುವ ದೋಣಿಗಳ ಮಾತು ಕೇಳತೊಡಗಿದೆ. 11.20ಕ್ಕೆ 121.5ಕ್ಕೂ ಒಮ್ಮೆ ಹೋಗಿ ನೋಡಿದೆ. ಪರದೆಯ ನಡುವೆ ತೆಳ್ಳನೆಯ ಗೆರೆ ಇತ್ತು. ನನ್ನ ಯಂತ್ರದ ಗೆರೆಯೂ ನಡುವೆಯೇ ಇರುತ್ತದೆ. ದೋಣಿಯವರ ಮಾತಿಗೆಂದು ಎಫ್.ಎಂ.ನಲ್ಲಿಟ್ಟಿದ್ದನ್ನು 121.5ಕ್ಕೆ ಬೇಕಾದ ಎ.ಎಂ.ಗೆ ಬದಲಾಯಿಸಲು ಮರೆತಿದ್ದೆ, ಹಾಗಾಗಿ ಸುಯ್ ಎನ್ನುವುದು ಬಿಟ್ಟು ಏನೂ ಕೇಳಿಸಲಿಲ್ಲ. ಬಾರ್ಬಾ ಹೇಳಿಕೊಟ್ಟಂತೆ ಒಂದು ಸಲ ಸರಿದು ನೋಡಬೇಕಿತ್ತು. ನೋಡಲಿಲ್ಲ. ಇನ್ನೊಮ್ಮೆ ಫೋನ್ ಮಾಡಿ ಇನ್ನೊಮ್ಮೆ ನಗೆಪಾಟಲಾಗಲು ಮನಸ್ಸಾಗಲಿಲ್ಲ. ಮತ್ತೆ ದೋಣಿಗಳ ಮಾತಿಗೆ ಬಂದೆ. ಅವರು ಒಬ್ಬರಿಗೊಬ್ಬರು “ಇಲ್ಲಿಲ್ಲ” ಎನ್ನುತ್ತಿದ್ದರು. ಆ ಮಾತನ್ನು ನಾನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ.

ಮಧ್ಯಾಹ್ನ 1.50ಕ್ಕೆ ಗಸ್ತು ದೋಣಿಯವರು, ಅಲೆ ಎರಡು ಮೀಟರ್ ದಾಟಿದೆ, ನಾಲ್ಕು ಗಂಟೆಗೆ ಎಲ್ಲರೂ ಹಿಂತಿರುಗಬೇಕು ಎಂದರು. ಅಷ್ಟು ಹೊತ್ತು ತಣ್ಣೀರಿನಲ್ಲಿ ಯಾರೂ ಬದುಕುವುದಿಲ್ಲವೆಂದು ಮೀನುಗಾರನ ಮಗಳಾದ ನನಗೆ ಯಾರೂ ಹೇಳಬೇಕಾಗಿಲ್ಲ. 1.55ಕ್ಕೆ ನಾನು ಮತ್ತೆ 121.5ಕ್ಕೆ ಹೋದೆ. ಏಕೆಂದು ಕೇಳಿದರೆ ಕಾರಣವಿಲ್ಲ. ಅವನ ಸತ್ತ ಪೆಟ್ಟಿಗೆಯ ಜಾಗ ಅದು, ಅಲ್ಲಿ ಕೂತು ಅಳೋಣವೆನಿಸಿತು. ಕಣ್ಣು ಮಂಜಾಗಿ ಬೆರಳು ಜಾರಿ ಪರದೆ ಸ್ವಲ್ಪ ಪಕ್ಕಕ್ಕೆ ಸರಿಯಿತು. ಗೆರೆ ಎರಡಾಯಿತು. ಒಂದು ನನ್ನ ಜೊತೆ ಸರಿದು ನಡುವೆಯೇ ನಿಂತಿತು. ಇನ್ನೊಂದು ಸರಿಯಲಿಲ್ಲ. ಅದು 121.5ರ ಮೇಲೆಯೇ ನಿಂತಿತ್ತು.

ಎ.ಎಂ.ಗೆ ಬದಲಾಯಿಸಿದೆ. ಮೇಲಿಂದ ಕೆಳಕ್ಕೆ ಜಾರುವ ಊಳು, ಒಂದೇ ಸಮನೆ, ಬಿಡುವಿಲ್ಲದೆ ಕೇಳಿಸಿತು. ಅವಧಿ ಮುಗಿದ ಬ್ಯಾಟರಿಯಲ್ಲಿ ಇನ್ನೂ ಜೀವವಿತ್ತು. ಎರಡು ಗಂಟೆ ಮೂವತ್ತೈದು ನಿಮಿಷ ನನ್ನ ಅಣ್ಣ ಕೂಗುತ್ತಿದ್ದ, ನಾನು ಪಕ್ಕದಲ್ಲೇ ಕೂತಿದ್ದೆ.

1.58ಕ್ಕೆ ಬಾರ್ಬಾಗೆ ಫೋನ್ ಮಾಡಿದೆ. ಅವರ ಮನೆ 60 ಮೀಟರ್ ದೂರ. 2.01ಕ್ಕೆ ಚಪ್ಪಲಿ ಅದಲು ಬದಲು ಹಾಕಿಕೊಂಡು ಬಂದರು. ಒಂದು ಕ್ಷಣ ಕೇಳಿ, ಗಸ್ತು ದೋಣಿಗೆ ತಿಳಿಸಿದರು. ದೋಣಿಯವರು ತಮ್ಮಲ್ಲಿ ಆ ಸಂಕೇತ ಕೇಳಿಸುತ್ತಿಲ್ಲ ಎಂದರು. ಬಾರ್ಬಾ ನನ್ನ ಕಡೆ ತಿರುಗಿ, “ಸಮುದ್ರದ ಮೇಲಿರೋರಿಗೆ ಕೇಳ್ತಿಲ್ಲ, ನಿನ್ನ ಬಟ್ಟೆ ಕಂಬಕ್ಕೆ ಕೇಳ್ತಿದೆ. ಅಂದ್ರೆ ಅವನು ನೀರಲ್ಲಿಲ್ಲ ಕಣೇ. ಫೋನ್ ತಗೋ, ನಡಿ” ಎಂದರು.

ಫೋನಿಗೆ ತುಂಡು ಸಿಕ್ಕಿಸಿ, ಸಣ್ಣ ಆಂಟೆನಾ ಹಾಕಿ, ಕಿವಿಗೆ ಇಯರ್‌ಫೋನ್ ಇಟ್ಟು ಹೊರಟೆ. ಅದನ್ನು ಎದೆಗೆ ಒತ್ತಿ ಹಿಡಿದು ನಿಂತಲ್ಲೇ ನಿಧಾನವಾಗಿ ತಿರುಗಬೇಕು. ಸದ್ದು ಯಾವಾಗ ಕುಗ್ಗುತ್ತದೋ ಆಗ ನಮ್ಮ ಮೈ ಅಡ್ಡ ಬಂದಿದೆ, ಸಂಕೇತ ಬೆನ್ನ ಹಿಂದಿದೆ ಎಂದರ್ಥ. ಸಮುದ್ರಕ್ಕೆ ಮುಖ ಮಾಡಿದಾಗ ಸದ್ದು ಕುಗ್ಗಿತು. ಹೆಜ್ಜೆಗೊಮ್ಮೆ ತಿರುಗುತ್ತಾ ಓಣಿ ಹತ್ತಿದೆ. ದಡದಲ್ಲಿದ್ದ ಹೆಂಗಸರು ನನಗೆ ತಲೆ ಕೆಟ್ಟಿತೆಂದುಕೊಂಡರು. ಒಬ್ಬಳು ಶಿಲುಬೆಯ ಗುರುತು ಹಾಕಿಕೊಂಡದ್ದನ್ನು ನಾನೇ ನೋಡಿದೆ. ಹಿಂದಿನ ಓಣಿಗೆ ಬಂದಾಗ ಸದ್ದು ಎಲ್ಲ ಕಡೆಯೂ ಒಂದೇ ಜೋರಾಯಿತು. ಬಾರ್ಬಾ, “ಆಂಟೆನಾ ಕಿತ್ತು ಹಾಕು. ಅದಿಲ್ಲದೆಯೂ ಕೇಳಿದ್ರೆ ಮೂಗಿನ ಮುಂದೇ ಇದೆ ಅಂತ” ಎಂದರು. ಕಿತ್ತೆ. ಕೇಳಿಸಿತು. 2.20ಕ್ಕೆ ನಾನು ಬರ್ಚೋತ್ ಅವರ ಕೊನೊಬಾದ ಮುಂದೆ ನಿಂತಿದ್ದೆ. ನನ್ನ ಮನೆಯಿಂದ 230 ಮೀಟರ್. ಎದುರಿಗೆ ಬೀಗ ಇತ್ತು. ಅದನ್ನು ನೋಡಿದ ಕೂಡಲೇ ನನಗೆ ಎಲ್ಲವೂ ಅರ್ಥವಾಯಿತು.

ಬಾಗಿಲು ಬಡಿದೆ. ಒಳಗಿನಿಂದ ಮೆಲ್ಲಗೆ, “ಇಷ್ಟು ಬೇಗ ಯಾಕೆ ಬಂದ್ರಿ? ಇನ್ನೂ ಮಧ್ಯಾಹ್ನ” ಎಂಬ ಮಾತು ಕೇಳಿಸಿತು. ನನ್ನ ಅಣ್ಣನದೇ ದನಿ, ನನ್ನ ಅಣ್ಣನದೇ ನಾಲಿಗೆ. ಬಾರ್ಬಾ, ಸ್ಪ್ಲಿತ್‌ಗೆ ಫೋನ್ ಮಾಡಿ ಬರ್ಚೋತ್ ಅವರ ಒಪ್ಪಿಗೆ ಕೇಳೋಣ ಎಂದರು. ಪಕ್ಕದ ಗೋಡೆಗೆ ಒರಗಿಸಿದ್ದ ಹಳೆಯ ಲಂಗರನ್ನು ಎತ್ತಿ ನಾನು ನಾಲ್ಕು ಏಟು ಹಾಕಿದೆ. ಮೂರನೆಯದಕ್ಕೇ ಬೀಗ ಬಿದ್ದಿತ್ತು. ನಾಲ್ಕನೆಯದು ಬಾಗಿಲಿಗೆ ಬಿತ್ತು, ಅದು ಬೇಕಿರಲಿಲ್ಲ. ಬರ್ಚೋತ್ ಅವರಲ್ಲಿ ಕ್ಷಮೆ ಕೇಳುತ್ತೇನೆ, ಬಾಗಿಲು ಮಾಡಿಸಿಕೊಡುತ್ತೇನೆ.

ಅಣ್ಣ ಒಂಬತ್ತು ಮೆಟ್ಟಿಲ ಕೆಳಗೆ ಬಲೆಗಳ ಮೇಲೆ ಮಲಗಿದ್ದ. ಬಲಗಾಲಿನ ಹರಡು ಮುರಿದಿತ್ತು. ಬರ್ಚೋತ್ ಅವರ ಅನುಮತಿಯಿಂದ ಅವನು ಬಲೆಗಳನ್ನು ಅಲ್ಲಿಡುತ್ತಾನೆ, ಅವನ ಬಳಿ ಒಂದು ಕೀಲಿಯೂ ಇದೆ. ಐದೇ ನಿಮಿಷದ ಕೆಲಸವೆಂದು ದೋಣಿಯನ್ನು ಒಂದೇ ಸುತ್ತು ಕಟ್ಟಿ ಬಂದಿದ್ದನಂತೆ, ಅದು ಬಿಚ್ಚಿಕೊಂಡು ತೇಲಿಹೋಗಿತ್ತು. ಬಾಗಿಲು ಮುಚ್ಚಿಕೊಂಡಾಗ ಕತ್ತಲಲ್ಲಿ ಮೆಟ್ಟಿಲು ಹತ್ತಲು ಹೋಗಿ ಬಿದ್ದನಂತೆ. ಕೂಗಿದನಂತೆ, ಮೊದಲು ಓಣಿಯಲ್ಲಿ ಬೇರೆ ಯಾರೂ ಇರಲಿಲ್ಲ, ಆಮೇಲೆ ಊರೆಲ್ಲ ದಡದಲ್ಲಿ ನಿಂತು ಅವನಿಗಾಗಿ ಸಮುದ್ರ ನೋಡುತ್ತಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ತೆವಳಿಕೊಂಡು ಹೋಗಿ, ಗೂಟಕ್ಕೆ ಹಾಕಿದ್ದ ತೇಲುವ ಅಂಗಿಯನ್ನು ಎಳೆದು ಪೆಟ್ಟಿಗೆಯ ಪಿನ್ ಕಿತ್ತನಂತೆ. “ಅದನ್ನ ಯಾರು ಕೇಳ್ತಾರೆ ಅಂದ್ಕೊಂಡಿದ್ದೆ ನೀನು?” ಎಂದು ಬಾರ್ಬಾ ಕೇಳಿದ್ದಕ್ಕೆ, “ಇನ್ಯಾರು? ಊರಲ್ಲಿ ಕಸ ಕೇಳೋಳು ಒಬ್ಬಳೇ ಅಲ್ವಾ” ಎಂದ.

2.41ಕ್ಕೆ ದೋಣಿಗಳನ್ನು ಹಿಂದಕ್ಕೆ ಕರೆದರು. ಯಾರೋ ಹೋಗಿ ಇಗರ್ಜಿಯ ಗಂಟೆ ಬಾರಿಸಿದರು. ಹನ್ನೊಂದು ದೋಣಿಯವರೂ ಓಣಿಗೆ ಬಂದು ಅಣ್ಣನನ್ನು ಮನಸಾರೆ ಬೈದರು. ನನ್ನ ಜೀವಮಾನದಲ್ಲಿ ಅಷ್ಟು ಸಿಹಿಯಾದ ಬೈಗುಳ ಕೇಳಿಲ್ಲ. ನಾನು ಒಂದು ಲೋಟ ರಾಕಿಯಾ, ಅಂದರೆ ನಮ್ಮ ಹಣ್ಣಿನ ಸಾರಾಯಿ, ಕುಡಿದೆ. ಎರಡು ಎಂದು ಬಾರ್ಬಾ ಹೇಳುತ್ತಾರೆ.

ನಿನ್ನೆ ದಿನಾಂಕ 16-11-2023ರಂದು ಆಸ್ಪತ್ರೆಗೆ ಹೋದಾಗ, ಬಾಗಿಲು ಗಾಳಿಗೆ ಮುಚ್ಚಿಕೊಂಡಿತು ಎಂದು ಪೊಲೀಸರಿಗೆ ಬರೆಸಿರುವುದಾಗಿ ಅಣ್ಣ ಹೇಳಿದ. ಗಾಳಿಗೆ ಬಾಗಿಲು ಮುಚ್ಚಲು ಬರುತ್ತದೆ, ಬೀಗ ಒತ್ತಲು ಬರುವುದಿಲ್ಲ. ಹಾಗಾದರೆ ಬೀಗ ಯಾರು ಹಾಕಿದ್ದು ಎಂದು ನಾನು ಕೇಳಿದೆ. ಅವನು ಪ್ಲಾಸ್ಟರ್ ಹಾಕಿದ ಕಾಲನ್ನೇ ನೋಡುತ್ತಾ, “ಗಾಳಿನೇ ಕಣೇ. ಸುಮ್ನಿರು. ಆದ್ರೆ ಆ ಗಾಳಿ ಜೋರಾಗಿ ನಗ್ತಾ ಹೋಯ್ತು” ಎಂದ.

ಅಣ್ಣನ ಹೇಳಿಕೆಯನ್ನು ಅಷ್ಟರಮಟ್ಟಿಗೆ ತಿದ್ದಿಕೊಳ್ಳಬೇಕೆಂದು ಕೋರುತ್ತೇನೆ. ಬೀಗ ಹಾಕಿದವಳೂ ನಾನೇ.

ಮೇಲೆ ಬರೆಸಿರುವುದು ನಾನು ಕಂಡದ್ದು, ಕೇಳಿದ್ದು ಮತ್ತು ಕೇಳಿಸಿಕೊಳ್ಳದೆ ಹೋದದ್ದು. ಅಧಿಕಾರಿಗಳು ಓದಿ ಹೇಳಿದ್ದನ್ನು ಕಿವಿಯಲ್ಲಿ ಏನೂ ಇಟ್ಟುಕೊಳ್ಳದೆ ಕೇಳಿ, ಎಲ್ಲವೂ ಸತ್ಯವೆಂದು ಒಪ್ಪಿ ಸಹಿ ಮಾಡಿದ್ದೇನೆ.

ಸ್ಥಳ: ವೇಲಾ ಲೂಕಾ
ದಿನಾಂಕ: 17-11-2023

(ಸಹಿ) ನೆವೆಂಕಾ ಶೆಪಾರೊವಿಚ್