ಗೋಡೆಗೆ ಒರಗಿಸಿದ ಹಾಸಿಗೆಗಳು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಕುಳಿತಿರುವ ಗಣ್ಯರೇ, ಕುರ್ಚಿ ಸಾಲದೆ ಪಕ್ಕದಲ್ಲಿ ನಿಂತಿರುವ ಇನ್ನಷ್ಟು ಗಣ್ಯರೇ, ಈ ಮನುಷ್ಯ ಬೇಗ ಮುಗಿಸಿದರೆ ಸಾಕಪ್ಪಾ ಎಂದುಕೊಳ್ಳುತ್ತಿರುವ ನನ್ನ ಪ್ರೀತಿಯ ಸಭಿಕರೇ,

ಈ ಸಭಾಂಗಣದಲ್ಲಿ ನನ್ನ ಧ್ವನಿ ಕೇಳದವರು ಯಾರಿದ್ದೀರಿ? ಯಾರೂ ಇಲ್ಲ. ಮೂವತ್ತು ವರ್ಷ ಇಲ್ಲಿ ನಡೆದ ಪ್ರತಿಯೊಂದು ಸಭೆಯಲ್ಲೂ ಮೊದಲು ಮಾತಾಡಿದವನು ನಾನೇ. ಮಂತ್ರಿಗಳು ಬಂದರೂ ನನ್ನ ನಂತರವೇ. ಆದರೆ ನನ್ನ ಭಾಷಣ ‘ಹಲೋ, ಹಲೋ, ಮೈಕ್ ಟೆಸ್ಟಿಂಗ್’ ಎನ್ನುವಲ್ಲಿಗೆ ಮುಗಿದುಹೋಗುತ್ತಿತ್ತು. ಅದಕ್ಕೇ ನನಗೆ ‘ಹಲೋ ಮಾವ’ ಎಂಬ ಹೆಸರು ಬಿತ್ತು. ಹಲೋ ಆದಮೇಲೂ ಮಾತಾಡಲು ನನ್ನನ್ನು ಬಿಟ್ಟಿರುವುದು ಇವತ್ತೇ ಮೊದಲು. ಬಿಟ್ಟವರು ಅನುಭವಿಸಲೇಬೇಕು.

ಹೊಸದಾಗಿ ಸಿಂಗರಿಸಿಕೊಂಡ ಈ ಸಭಾಂಗಣದಲ್ಲಿ ಇವತ್ತು ನೀವು ಸನ್ಮಾನಿಸಿದ್ದು ನನ್ನ ಅಕ್ಕನ ಮಗಳನ್ನು. ಕಟ್ಟಡದೊಳಗೆ ಮಾತು ಹೇಗೆ ಓಡಾಡಬೇಕು, ಎಲ್ಲಿ ನಿಲ್ಲಬೇಕು ಎಂದು ಹೇಳುವ ಇಂಜಿನಿಯರ್ ಆಕೆ. ಈ ಗೋಡೆಗಳಿಗೆ ಹೊದಿಸಿರುವ ಮರದ ಪಟ್ಟಿಗಳು, ಚಾವಣಿಯ ಆ ಓರೆ ಹಲಗೆಗಳು, ಎಲ್ಲವೂ ಆಕೆಯ ಲೆಕ್ಕಾಚಾರ. ನೀವು ಜೋರಾಗಿ ಚಪ್ಪಾಳೆ ತಟ್ಟಿದಿರಿ. ನ್ಯಾಯವಾಗಿ ನೋಡಿದರೆ ಅದರಲ್ಲಿ ಅರ್ಧ ನನಗೆ ಬರಬೇಕು. ಯಾಕೆ ಅಂತೀರಾ? ಹೇಳುತ್ತೇನೆ.

ಮನೆಯಲ್ಲಿ ಆಕೆಗೆ ನಾನಿಟ್ಟ ಹೆಸರು ಪಿಸುಮಾತು. ಅಷ್ಟು ಮೆಲ್ಲಗೆ ಮಾತಾಡುವ ಹುಡುಗಿ. ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು ಕಾಲೇಜೊಂದಕ್ಕೆ ಪಾಠ ಮಾಡಿ ತೋರಿಸಲು ಹೋದಳು. ಪಾಠ ಮುಗಿದ ಮೇಲೆ ಪ್ರಾಂಶುಪಾಲರು, ‘ವಿಷಯ ಚೆನ್ನಾಗಿದೆಯಮ್ಮ, ಆದ್ರೆ ನಿನ್ ಧ್ವನಿ ಹಿಂದಿನ ಬೆಂಚಿಗೆ ತಲುಪಲ್ಲ’ ಎಂದು ಕಳಿಸಿಬಿಟ್ಟರು. ಅಕ್ಕ ಅಳುತ್ತಾ ನನಗೆ ಹೇಳಿದಳು. ನಾನು ಸುಮ್ಮನಿರುವವನೇ? ‘ಧ್ವನಿ ಅಂದ್ರೆ ನನ್ ಇಲಾಖೆ, ನನಗೆ ಬಿಡು’ ಎಂದೆ. ಅಕ್ಕನ ಊರಿಗೇ ಹೋಗಿ, ಮರುದಿನ ಬೆಳಗ್ಗೆಯಿಂದ ಹುಡುಗಿಯನ್ನು ಆಟದ ಮೈದಾನದ ಒಂದು ತುದಿಯಲ್ಲಿ ನಿಲ್ಲಿಸಿ, ನಾನು ಇನ್ನೊಂದು ತುದಿಯಲ್ಲಿ ನಿಂತು, ‘ಕೂಗು, ಇನ್ನೂ ಕೂಗು’ ಎಂದು ತರಬೇತಿ ಕೊಟ್ಟೆ. ಫಲಿತಾಂಶ ಅಮೋಘ! ವಿಮಾ ಕಂಪನಿಯ ಸಂದರ್ಶನಕ್ಕೆ ಹೋಗುವ ಹೊತ್ತಿಗೆ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಅವರು ಕೇಳಿದ್ದಕ್ಕೆಲ್ಲ ಪಾಪ, ಕೈಸನ್ನೆಯಲ್ಲಿ ಉತ್ತರ ಕೊಟ್ಟು ಬಂದಳು. ಕೆಲಸ ಸಿಗಲಿಲ್ಲ. ಸಭಿಕರೇ, ಸ್ವಲ್ಪ ಯೋಚಿಸಿ. ಆ ಕೆಲಸ ಸಿಕ್ಕಿದ್ದರೆ ಇವತ್ತು ಈ ಸಭಾಂಗಣ ಹೀಗಿರುತ್ತಿತ್ತೇ? ಹಾಗಾದರೆ ಇದಕ್ಕೆ ಮೂಲ ಕಾರಣ ಯಾರು? ನಾನು ಬಾಯಿಬಿಟ್ಟು ಹೇಳುವುದಿಲ್ಲ.

ಆಮೇಲೆ ಮನೆಮನೆಗೆ ಹೋಗಿ ನೀರಿನ ಫಿಲ್ಟರ್ ಮಾರುವ ಕೆಲಸ. ಇವಳು ಬೆಲ್ ಒತ್ತಿ, ಬಾಗಿಲು ತೆರೆದವರಿಗೆ ಕೇಳದ ಹಾಗೆ ಏನೋ ಹೇಳಿ, ಅವರು ‘ಏನು? ಏನು?’ ಎಂದು ಬಾಗಿಲು ಹಾಕಿಕೊಂಡರೆ ಅವರಿಗೇ ‘ಸಾರಿ’ ಹೇಳಿ ಬರುತ್ತಿದ್ದಳು. ಅದೂ ಬಿಟ್ಟುಹೋಯಿತು. ಹುಡುಗಿ ಕೋಣೆ ಸೇರಿದಳು. ಊಟಕ್ಕೆ ಕರೆದರೆ ‘ಆಮೇಲೆ’, ಸ್ನೇಹಿತೆಯರು ಬಂದರೆ ‘ಮಲಗಿದೀನಿ ಅಂತ ಹೇಳಮ್ಮ’. ಕೊನೆಗೆ ಅಕ್ಕ, ‘ನಿನ್ ಅಂಗಡೀಲಿ ಕೂರಿಸ್ಕೋ ಕಣೋ, ನಾಲ್ಕು ಜನರ ಮುಖವಾದ್ರೂ ನೋಡ್ಲಿ’ ಎಂದು ನನ್ನ ಮನೆಗೆ ಕಳಿಸಿದಳು.

ಮೈಕು, ಸ್ಪೀಕರು ಬಾಡಿಗೆಗೆ ಕೊಡುವ ನನ್ನ ಅಂಗಡಿ ನಿಮಗೆಲ್ಲ ಗೊತ್ತು. ಒಳಗೆ ಕಾಲಿಟ್ಟರೆ ಕಾಲಿಗೆ ವೈರು, ತಲೆಗೆ ಹಾರ್ನು. ಎರಡೇ ದಿನದಲ್ಲಿ ಅವಳು ವೈರುಗಳನ್ನೆಲ್ಲ ಸುತ್ತಿ ಮೊಳೆಗೆ ನೇತುಹಾಕಿದಳು. ನನಗೆ ಒಂದೂ ಸಿಗಲಿಲ್ಲ. ಆದರೆ ಅಂಗಡಿಯ ಬಾಗಿಲಲ್ಲಿ ಸಂಜೆಯ ಚಹಾ ಎರಡು ಲೋಟವಾಯಿತು. ನಾನು ಮಾತಾಡುತ್ತಿದ್ದೆ, ಅವಳು ಕೇಳುತ್ತಿದ್ದಳು. ನನ್ನ ಮಾತು ಪೂರ್ತಿ ಕೇಳಿದ ಮನುಷ್ಯಪ್ರಾಣಿ ಅದಕ್ಕೆ ಮೊದಲೂ ಇರಲಿಲ್ಲ, ಆಮೇಲೂ ಸಿಕ್ಕಿಲ್ಲ. ಇರಲಿ, ಅದು ಬೇರೆ ವಿಷಯ.

ಆಗ ಈ ಸಭಾಂಗಣ ಹೇಗಿತ್ತು, ನೆನಪಿದೆಯೇ? ನಾಲ್ಕೂ ಕಡೆ ಬೋಳು ಗೋಡೆ. ಮುಂದೆ ಒಬ್ಬರು ಮಾತಾಡಿದರೆ ಹಿಂದೆ ಹತ್ತು ಜನ ಜಗಳವಾಡಿದ ಹಾಗೆ ಕೇಳುತ್ತಿತ್ತು. ಅದಕ್ಕೆ ನನ್ನ ಬಳಿ ಒಂದೇ ಮದ್ದು: ಸೌಂಡು ಏರಿಸುವುದು. ಕೇಳುವುದಿಲ್ಲ ಎಂದರೆ ಇನ್ನೂ ಏರಿಸುವುದು. ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ನಮ್ಮ ಶಾಲೆಗೆ ಎರಡು ಗೋಡೆ ಇದ್ದವು, ಇನ್ನೆರಡು ಮಂಜೂರಾಗಿದ್ದವು. ಗೋಡೆಯಿಲ್ಲದ ಶಾಲೆಯಲ್ಲಿ ಓದಿದವನಿಗೆ ಪ್ರತಿಧ್ವನಿಯ ಪಾಠ ಯಾರು ಮಾಡಬೇಕು?

ಒಂದು ವಾರ ಇಲ್ಲಿ ಬಟ್ಟೆಗಳ ಮಾರಾಟ ಮೇಳ ನಡೆಯಿತು. ಎಲ್ಲಿ ನೋಡಿದರೂ ಸೀರೆ, ಶಾಲು, ಪರದೆ. ನಾನು ಆಗಷ್ಟೇ ಕೊಂಡಿದ್ದ ಮೈಕಿನ ಪ್ರಕಟಣೆ ಗಂಟೆ ಬಾರಿಸಿದ ಹಾಗೆ ಸ್ಪಷ್ಟ! ‘ನೋಡಿದ್ಯಾ ಹೊಸ ಮೈಕಿನ ಗಮ್ಮತ್ತು?’ ಎಂದು ಹುಡುಗಿಯ ಮುಂದೆ ಮೀಸೆ ತಿರುವಿದೆ. ಮೇಳದವರು ಬಟ್ಟೆ ಕಟ್ಟಿಕೊಂಡು ಹೋದರು. ಮರುದಿನ ಅದೇ ಮೈಕು, ಅದೇ ನಾನು, ಮತ್ತೆ ಅದೇ ಗಲಾಟೆ. ನಾನು ಮೈಕನ್ನು ಬೈದೆ. ಪಿಸುಮಾತು ಖಾಲಿ ಸಭಾಂಗಣದ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದಳು. ಕಿವಿಗೊಟ್ಟಳು. ಮೂಲೆಗೆ ಹೋಗಿ ಮತ್ತೊಂದು ತಟ್ಟಿದಳು. ಕಾವಲುಗಾರ ಓಡಿಬಂದು, ‘ಯಾರಿಗಮ್ಮಾ ಸನ್ಮಾನ?’ ಎಂದು ಕೇಳಿದ. ಅವಳು ನಕ್ಕಳು. ಎಷ್ಟು ತಿಂಗಳಾಗಿತ್ತೋ ಆ ನಗು ನೋಡಿ!

‘ಮಾವ, ಆ ಬಟ್ಟೆಗಳು ಸದ್ದು ಹೀರ್ಕೊಳ್ತಿದ್ವು. ತಪ್ಪು ಮಾತಾಡೋರ್ದಲ್ಲ. ಗೋಡೆದು’ ಎಂದಳು.

ಅವತ್ತಿನಿಂದ ಹುಡುಗಿ ಬೇರೆಯೇ ಆದಳು. ಕಟ್ಟಡಗಳ ಧ್ವನಿಯ ಬಗ್ಗೆಯೇ ಕಲಿಸುವ ಕೋರ್ಸು ದೊಡ್ಡ ನಗರದಲ್ಲಿದೆ ಎಂದು ಹುಡುಕಿ ತೆಗೆದಳು. ಆದರೆ ಅಷ್ಟರಲ್ಲಿ ಭಾವ, ಅಂದರೆ ಅವಳ ಅಪ್ಪ, ಸಿಮೆಂಟ್ ಗೋದಾಮಿನಲ್ಲಿ ಲಾರಿ ಎಣಿಸುವ ಕೆಲಸವೊಂದನ್ನು ಗೊತ್ತುಮಾಡಿಬಿಟ್ಟಿದ್ದರು. ಸೋಮವಾರ ಸೇರಬೇಕು, ಭಾನುವಾರ ಸಂಜೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಫೋನು ಮಾಡಿದರು. ‘ಮಾವ, ನೀವೇ ಅಪ್ಪನಿಗೆ ಹೇಳಿ. ನನ್ ಮಾತು ಅವರಿಗೆ ಕೇಳಿಸಲ್ಲ’ ಎಂದಳು. ನಾನು ಫೋನು ಹಿಡಿದು, ‘ಭಾವ, ಆರೋಗ್ಯವಾ? ಆ ಕಡೆ ಬಿಸಿಲು ಹೇಗಿದೆ?’ ಎಂದು ಕೇಳಿ ಇಟ್ಟೆ. ಹೆದರಿಕೆಯಲ್ಲ, ಹಿರಿಯರ ಮೇಲಿನ ಗೌರವ. ನಗಬೇಡಿ.

ಆ ಭಾನುವಾರ ಇಲ್ಲಿ ಕನ್ಯಾಶಾಲೆಯ ಹಿರಿಯ ಟೀಚರಮ್ಮನ ಬೀಳ್ಕೊಡುಗೆ ಇತ್ತು. ಆಕೆಯದೂ ಮೆಲು ದನಿ. ಮಧ್ಯಾಹ್ನ ನಾನು ಬಂದು ನೋಡುತ್ತೇನೆ, ಪಕ್ಕದ ಹಾಸಿಗೆ ಅಂಗಡಿಯ ಹಾಸಿಗೆಗಳೆಲ್ಲ ಹಿಂದಿನ ಗೋಡೆಗೆ ಸಾಲಾಗಿ ಒರಗಿ ನಿಂತಿವೆ! ‘ಏನೇ ಇದು, ಸಭೆಯೋ ಆಸ್ಪತ್ರೆಯೋ?’ ಎಂದು ಕೂಗಿದೆ. ‘ಭಾಷಣ ಕೇಳೋಕೆ ಬಂದವರು ಮಲಗ್ತಾರೆ ಅಂತ ನಿನಗೆ ಮೊದ್ಲೇ ಗೊತ್ತಾಯ್ತಾ?’ ಹಾಸಿಗೆ ಅಂಗಡಿಯವನು ಕೈಹಿಸುಕಿಕೊಳ್ಳುತ್ತಾ, ‘ಹುಡುಗಿ ಬೆಳಗ್ಗೆಯಿಂದ ಅಂಗಡಿ ಮುಂದೆ ನಿಂತಿದ್ಲು ಸ್ವಾಮಿ, ಇಲ್ಲ ಅನ್ನೋಕಾಗ್ಲಿಲ್ಲ’ ಎಂದ. ಅಷ್ಟೇ ಅಲ್ಲ, ಅವಳು ನನ್ನ ಸ್ಪೀಕರ್ ಪೆಟ್ಟಿಗೆಯ ಸೌಂಡನ್ನು ಅರ್ಧಕ್ಕೆ ಇಳಿಸಿದಳು. ನನ್ನ ಕಣ್ಣೆದುರೇ! ಏರಿಸಲು ಕೈ ಹಾಕಿದೆ. ಅವಳು ನನ್ನ ಕೈ ಹಿಡಿದುಕೊಂಡಳು. ‘ಇವತ್ತೊಂದು ದಿನ ಬಿಡಿ ಮಾವ. ನಾಳೆಯಿಂದ ಲಾರಿ ಎಣಿಸ್ತೀನಲ್ಲ’ ಎಂದಳು. ಕೈ ತೆಗೆದೆ.

ಭಾವ ಬಂದಾಗ ಸಭೆ ಶುರುವಾಗಿತ್ತು. ಹಿಂದಿನ ಸಾಲಿನಲ್ಲಿ, ಒಂದು ಹಾಸಿಗೆಗೆ ಬೆನ್ನು ತಾಗಿಸಿ ಕೂತರು. ಗಡಿಯಾರ ನೋಡಿಕೊಂಡರು. ಟೀಚರಮ್ಮ ಮಾತಿಗೆ ನಿಂತರು. ತಾವು ಮೊದಲ ದಿನ ತರಗತಿಗೆ ಹೋಗಿ ಹೆದರಿ ಹೊರಗೆ ಓಡಿಬಂದದ್ದನ್ನು, ಮಗುವೊಂದು ಹುಡುಕಿಕೊಂಡು ಬಂದು ‘ಬನ್ನಿ ಟೀಚರ್, ನಾವು ಗಲಾಟೆ ಮಾಡಲ್ಲ’ ಎಂದು ಕೈಹಿಡಿದು ಕರೆದೊಯ್ದದ್ದನ್ನು ಹೇಳಿದರು. ಮನೆಯ ಜಗಲಿಯಲ್ಲಿ ಕೂತು ಹೇಳಿದ ಹಾಗೆ, ಮೆಲ್ಲಗೆ. ಸಭಿಕರೇ, ಒಂದಕ್ಷರವೂ ಕಳೆದುಹೋಗಲಿಲ್ಲ. ಟೀಚರಮ್ಮ ನಡುವೆ ಉಸಿರೆಳೆದುಕೊಂಡದ್ದೂ ಕೇಳಿಸಿತು. ಭಾವ ಆಮೇಲೆ ಗಡಿಯಾರ ನೋಡಲೇ ಇಲ್ಲ.

ಸಭೆ ಮುಗಿಯಿತು. ಜನ ಹೊರಟರು. ಭಾವ ಎದ್ದು ಹಿಂದಿನ ಹಾಸಿಗೆಯನ್ನು ಒಮ್ಮೆ ಅಂಗೈಯಲ್ಲಿ ಒತ್ತಿ ನೋಡಿದರು.

‘ಇದು ನಿನ್ ಕೆಲಸವೇನಯ್ಯಾ?’

ಹೌದು ಎನ್ನಲು ಬಾಯಿ ತೆರೆದೆ. ನನ್ನ ಸ್ವಭಾವ ನಿಮಗೆ ಗೊತ್ತಲ್ಲ. ಯಾಕೋ ಮಾತು ಬೇರೆಯೇ ಬಂತು. ‘ನನ್ ತಲೆಗೆ ಇದೆಲ್ಲ ಹೊಳೆಯುತ್ತಾ ಭಾವ? ನಿಮ್ ಮಗಳದು. ಇದನ್ನೇ ಓದೋಕೆ ನಗರಕ್ಕೆ ಹೋಗ್ಬೇಕಂತೆ’ ಎಂದೆ.

ಅವಳು ಆಚೆ ಮೂಲೆಯಲ್ಲಿ ವೈರು ಸುತ್ತುತ್ತಿದ್ದಳು. ಭಾವ ಬಹಳ ಹೊತ್ತು ಅತ್ತ ನೋಡಿದರು.

‘ಅವಳ ಬಟ್ಟೆಬರೆ ಕಟ್ಟಿ ಇಟ್ಟಿದೆಯಾ?’

‘ಇಟ್ಟಿದೆ ಭಾವ.’

‘ಬಿಚ್ಚಿಡೋಕೆ ಹೇಳು. ಆ ಗೋದಾಮಿನವನ ಹತ್ರ ನಾನು ಮಾತಾಡ್ತೀನಿ.’

ಅಷ್ಟೇ. ಮಳೆಗಾಲ ಕಳೆದ ಮೇಲೆ ಅವಳು ಓದಲು ಹೋದಳು. ಬಸ್ಸು ಹತ್ತಿಸಿದವನು ನಾನೇ. ಆ ವಾರವೆಲ್ಲ ಅಂಗಡಿ ಯಾಕೆ ಮುಚ್ಚಿತ್ತು ಎಂದು ಕೆಲವರು ಕೇಳಿದ್ದಿರಿ. ಶಟರ್ ಸಿಕ್ಕಿಹಾಕಿಕೊಂಡಿತ್ತು ಎಂದಿದ್ದೆ. ಈಗಲೂ ಹಾಗೇ ಹೇಳುತ್ತೇನೆ.

ಇವತ್ತು ಈ ಸಭಾಂಗಣದಲ್ಲಿ ನನ್ನದೊಂದು ಪೆಟ್ಟಿಗೆಯೂ ಇಲ್ಲ, ಒಂದು ತುಂಡು ವೈರೂ ಇಲ್ಲ. ಎಲ್ಲ ಗೋಡೆಯೊಳಗೇ ಅಡಗಿದೆ. ಇನ್ನು ಮುಂದೆ ಬೇಕಾಗುವುದೂ ಇಲ್ಲ. ನಿನ್ನೆ ಚಹಾ ಅಂಗಡಿಯವನು ಮುಖ ಸಣ್ಣಗೆ ಮಾಡಿಕೊಂಡು, ‘ಏನ್ ಹಲೋ ಮಾವ, ನೀವು ಸಾಕಿದ ಹುಡುಗಿ ನಿಮ್ ಅನ್ನಕ್ಕೇ ಕಲ್ಲು ಹಾಕಿದ್ಲಲ್ಲ’ ಎಂದ.

ನಾನು ಹೇಳಿದೆ: ‘ಹಾಕ್ಲಿ ಬಿಡಯ್ಯಾ, ಮನೆ ಹುಡುಗಿ ತಾನೇ. ಬೇರೆ ಯಾರಾದ್ರೂ ಹಾಕಿದ್ರೆ ಜಗಳಕ್ಕೆ ಹೋಗ್ತಿದ್ದೆ.’

ಇಷ್ಟು ಹೊತ್ತು ನನ್ನನ್ನು ಸಹಿಸಿದ ಅಧ್ಯಕ್ಷರಿಗೂ, ಆಕಳಿಕೆ ತಡೆದುಕೊಂಡ ಗಣ್ಯರಿಗೂ, ಏಳದೆ ಕೂತ ನಿಮಗೂ ನಾನು ಋಣಿ. ಎಲ್ಲರಿಗೂ ಈ ಮಾವನ ನಮಸ್ಕಾರ.